ಮೋಟು ನಳಿಗೆಯ ತೂತುಗಳು



ಬಂದೂಕಿನ ಕುದುರೆಯ ಕೆಳಗಿನ ಲಿವರನ್ನು ಒಮ್ಮೆ ಕೆಳಗೆ ಒತ್ತಿ ಮೇಲೆಳೆದರೆ ಖಾಲಿ ತೋಟಾ ಹೊರಕ್ಕೆ, ಹೊಸದು ಒಳಕ್ಕೆ. ಬೆಂಜಮಿನ್ ಟೈಲರ್ ಹೆನ್ರಿ ಅಮೆರಿಕದಲ್ಲಿ ಇಂಥ ರೈಫಲ್ಲಿಗೆ ಪೇಟೆಂಟ್ ಪಡೆದದ್ದು 1860ರಲ್ಲಿ. ಅದರ ನಳಿಗೆ 24 ಅಂಗುಲ. ಪೊದೆಗಾಡಿನಲ್ಲಿ ಬೋನು ಒಡ್ಡಿ ತಿರುಗುವವರಿಗೆ ಅಷ್ಟುದ್ದ ಬೇಡವಾಯಿತು. ವಿಂಚೆಸ್ಟರ್ ಕಂಪನಿ ಅವರಿಗೆಂದೇ 14 ಅಂಗುಲದ ಗಿಡ್ಡ ಕಾರ್ಬೈನುಗಳನ್ನೂ ಮಾಡಿಕೊಟ್ಟಿತು. ಅಮೆರಿಕದ 1934ರ ಕಾಯಿದೆ 18 ಅಂಗುಲಕ್ಕಿಂತ ಮೋಟು ನಳಿಗೆಯ ರೈಫಲುಗಳಿಗೆ ನೋಂದಣಿ ಕಡ್ಡಾಯ ಮಾಡಿತು. 1960ರಲ್ಲಿ ಆ ಮಿತಿ 16ಕ್ಕೆ ಇಳಿಯಿತು.

ನಳಿಗೆಯಲ್ಲಿ ತೂತು ಕೊರೆಯುವುದು ಬೇರೆಯದೇ ಕಥೆ. ಗುಂಡಿನ ಹಿಂದಿನ ಅನಿಲ ಮೇಲ್ಮುಖವಾಗಿ ನುಗ್ಗಿದರೆ ನಳಿಗೆಯ ಬಾಯಿ ಕೆಳಕ್ಕೆ ಒತ್ತಲ್ಪಡುತ್ತದೆ, ಎಗರುವುದು ಕಡಿಮೆಯಾಗುತ್ತದೆ. 1920ರ ದಶಕದ ಕಟ್ಸ್ ಕಾಂಪೆನ್ಸೇಟರ್ ಎಂಬ ಸಾಧನ ಥಾಂಪ್ಸನ್ ಬಂದೂಕಿಗೆ ಇದನ್ನೇ ಮಾಡಿತು. 1970ರ ದಶಕದಲ್ಲಿ ಮಿಶಿಗನ್ನಿನ ಲ್ಯಾರಿ ಕೆಲ್ಲಿ ವಿದ್ಯುತ್ ಕಿಡಿಯಿಂದ ಉಕ್ಕನ್ನು ಕೊರೆದು, ನಳಿಗೆಯಲ್ಲೇ ಕಿಂಡಿ ತೆಗೆಯುವ ಕೆಲಸವನ್ನು ಉದ್ಯಮವಾಗಿಸಿದರು.

1998ರಲ್ಲಿ ಮಾರ್ಲಿನ್ ಕಂಪನಿ ಮೋಟು ನಳಿಗೆ, ತೂತು ಇವೆರಡನ್ನೂ ಕೂಡಿಸಿತು. ಅದರ ಗೈಡ್ ಗನ್ .45-70 ತೋಟಾದ್ದು, ನಳಿಗೆ 18.5 ಅಂಗುಲ, ತುದಿಯ ಹತ್ತಿರ ತೂತುಗಳು. ಕರಡಿಗಳಿರುವ ಅಲಾಸ್ಕದಲ್ಲಿ ಬೇಟೆಗಾರರಿಗೆ ದಾರಿ ತೋರುವವರು ಹೊತ್ತು ನಡೆಯಲೆಂಬ ಉದ್ದೇಶ. ಬೆನ್ನಿಗೇ 444ಪಿ, 1894ಪಿ ಎಂಬ ತೂತಿನ ಮಾದರಿಗಳು ಬಂದವು. ಕೆಲವೇ ವರ್ಷಗಳಲ್ಲಿ ಕಂಪನಿ ತೂತು ಕೊರೆಯುವುದನ್ನು ಬಿಟ್ಟಿತು. ಸಂಗ್ರಾಹಕರು ಅವನ್ನು ಇಂದು ಹುಡುಕುವುದು ಆ ಅಲ್ಪಾಯುಸ್ಸಿಗಾಗಿಯೇ.

ಈ ತೂತುಗಳಿಂದ ಉಪಯೋಗವುಂಟೆ? ನನ್ನ ಉತ್ತರ: ಸ್ವಲ್ಪ, ಆದರೆ ಬೆಲೆ ದುಬಾರಿ. .45-70 ಹುಟ್ಟಿದ್ದು 1873ರಲ್ಲಿ, ಕಪ್ಪು ಮದ್ದಿನ ಕಾಲದಲ್ಲಿ. ಅದರ ಅನಿಲದ ಒತ್ತಡ ಇಂದಿನ ಮ್ಯಾಗ್ನಮ್ ತೋಟಾಗಳಷ್ಟಿಲ್ಲ. ಹಾಗಾಗಿ ತೂತುಗಳು ಎಗರುವುದನ್ನು ತುಸು ತಗ್ಗಿಸಿಯಾವೇ ಹೊರತು ಭುಜದ ಮೇಲಿನ ಒದೆತವನ್ನು ಹೆಚ್ಚೇನೂ ಅಲ್ಲ. ಗಿಡ್ಡ ನಳಿಗೆಯ ಸದ್ದು ಮೊದಲೇ ಜೋರು. ತೂತುಗಳು ಅದನ್ನು ಹಾರಿಸುವವನ ಕಿವಿಯತ್ತಲೂ ಪಕ್ಕದವನ ಕಿವಿಯತ್ತಲೂ ತಿರುಗಿಸುತ್ತವೆ. ಮುಸ್ಸಂಜೆಯಲ್ಲಿ ಬೆಂಕಿಯ ಮಿಂಚು ಕಣ್ಣು ಕುಕ್ಕುತ್ತದೆ. ಸೀಸದ ಗುಂಡಾದರೆ ಕಿಂಡಿಗಳಲ್ಲಿ ಮಸಿ, ಸೀಸ ಎರಡೂ ಕಟ್ಟಿಕೊಳ್ಳುತ್ತವೆ. ಒದೆತ ತಗ್ಗಬೇಕಿದ್ದರೆ ಹಿಂಬದಿಗೆ ಒಳ್ಳೆಯ ರಬ್ಬರ್ ಪ್ಯಾಡ್ ಹಾಕುವುದೇ ಮೇಲು.

ಆದರೂ ಕಾರ್ಖಾನೆಯಲ್ಲೇ ಕೊರೆದ ರೈಫಲ್ ಕೈಸೇರಿದ್ದರೆ ಅದರ ನಳಿಗೆ ಕತ್ತರಿಸಬೇಡಿ, ತೂತು ಮುಚ್ಚಿಸಬೇಡಿ. ಅವು ಹೋದರೆ ಆ ಮಾದರಿಯ ಗುರುತೇ ಹೋಯಿತು. ಕಿವಿಗೆ ರಕ್ಷಣೆ ಇಲ್ಲದೆ ಒಂದು ಈಡನ್ನೂ ಹಾರಿಸಬೇಡಿ.