ಹಂದಿಮರಿಗಳಿಗೆ ಸಾಕುತಾಯಿ

ಮೈಸೂರು ಕೋಟೆಯ ಶ್ವೇತವರಾಹಸ್ವಾಮಿಗೆ ಭಕ್ತಿಯಿಂದ ಕೈಮುಗಿಯುವ ನಾವು, ಹಂದಿಯ ಹೆಸರೆತ್ತಿದೊಡನೆ ಮೂಗು ಮುಚ್ಚಿಕೊಳ್ಳುತ್ತೇವೆ. ಆದರೆ ಪೀಣ್ಯದ ಕಾರ್ಖಾನೆಗಳನ್ನು ದಾಟಿ ಹೆಸರಘಟ್ಟದ ಕಡೆಗೆ ಹೋದವರಿಗೆ, ಅಲ್ಲಿ ಸರ್ಕಾರದ ಹಂದಿ ಸಂವರ್ಧನ ಕೇಂದ್ರವೊಂದಿರುವುದು ತಿಳಿದೀತು. ಹಂದಿ ಸಾಕುವವರ ಕಸುಬಿನಲ್ಲಿ ನಮ್ಮ ಮನಸ್ಸನ್ನು ಸೆಳೆಯುವ ಸಂಗತಿಯೊಂದುಂಟು. ಅದು ಒಂದು ತಾಯಿಯ ಮರಿಗಳನ್ನು ಮತ್ತೊಂದು ತಾಯಿಯ ಮಡಿಲಿಗೆ ಹಾಕುವ ಉಪಾಯ.

ಹಂದಿಯು ಗಬ್ಬವಾದ ಸುಮಾರು 114 ದಿನಗಳಿಗೆ, ಎಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನಗಳಿಗೆ ಈಯುತ್ತದೆ. ಮೊಲೆಗಳು ಸಾಮಾನ್ಯವಾಗಿ 12ರಿಂದ 14. ಮರಿಗಳು ಅದಕ್ಕಿಂತ ಹೆಚ್ಚಾದರೆ ಕಡೆಯವಕ್ಕೆ ಹಾಲಿಲ್ಲ. ಪಕ್ಕದ ಕೊಟ್ಟಿಗೆಯಲ್ಲಿ ಆರೇ ಮರಿಗಳನ್ನು ಈದ ಹಂದಿಯ ಮಿಕ್ಕ ಮೊಲೆಗಳು ಕೆಲವೇ ದಿನಗಳಲ್ಲಿ ಬತ್ತಿಹೋಗುತ್ತವೆ. ಇಲ್ಲಿ ಹಸಿವು, ಅಲ್ಲಿ ವ್ಯರ್ಥ.

ಹಾಗೆಂದು ಹುಟ್ಟಿದೊಡನೆ ಮರಿಯನ್ನು ಎತ್ತಿಕೊಂಡು ಹೋಗಲಾಗದು. ಮನುಷ್ಯರ ಶಿಶು ಗರ್ಭದಲ್ಲಿಯೇ ತಾಯಿಯಿಂದ ರೋಗನಿರೋಧಕ ದ್ರವ್ಯಗಳನ್ನು ಪಡೆದಿರುತ್ತದೆ. ಹಂದಿಮರಿಗೆ ಆ ಭಾಗ್ಯವಿಲ್ಲ. ಅದು ಗಿಣ್ಣುಹಾಲಿನಿಂದಲೇ ಬರಬೇಕು. ಆ ದ್ರವ್ಯಗಳನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನ, ಒಂದೂವರೆ ದಿನದೊಳಗೆ ಮುಚ್ಚಿಹೋಗುತ್ತದೆ. ಆದುದರಿಂದ ಸುಮಾರು 12 ಗಂಟೆಗಳ ಕಾಲ ಮರಿಯು ಹೆತ್ತ ತಾಯಿಯ ಗಿಣ್ಣನ್ನು ಕುಡಿಯಬೇಕು. ಬಳಿಕ ತಡಮಾಡದೆ ಸಾಗಿಸಬೇಕು. ತಡವಾದರೆ ಬೇರೊಂದು ತೊಡಕು: ಪ್ರತಿಯೊಂದು ಮರಿಯೂ ತನ್ನದೇ ಮೊಲೆಯನ್ನು ಕೆಲವೇ ದಿನಗಳಲ್ಲಿ ಗೊತ್ತುಮಾಡಿಕೊಂಡು ಅದನ್ನು ಕಾದಾಡಿ ಉಳಿಸಿಕೊಳ್ಳುತ್ತದೆ. ಹೊಸಬನಿಗೆ ಎಡೆಯಿರುವುದಿಲ್ಲ.

ಯಾವ ಮರಿಯನ್ನು ಕಳುಹಿಸಬೇಕು? ಬಡಕಲು ಮರಿಯನ್ನೆಂದು ನಮ್ಮ ಕರುಣೆ ಹೇಳುತ್ತದೆ. ಅನುಭವಸ್ಥರು ಬಹುಮಟ್ಟಿಗೆ ದಪ್ಪನೆಯ ಗಟ್ಟಿಮರಿಯನ್ನು ಕಳುಹಿಸುತ್ತಾರೆ. ಅದು ಪರಸ್ಥಳದಲ್ಲಿಯೂ ಹೋರಾಡಿ ಬದುಕಬಲ್ಲದು; ಉಳಿದ ಸಣ್ಣವಕ್ಕೆ ತಾಯಿಯ ಬಳಿ ಜಾಗವೂ ದೊರೆಯುವುದು. ರೋಗದ ಸುಳಿವಿದ್ದಲ್ಲಿ ಮಾತ್ರ ಯಾವ ಮರಿಯನ್ನೂ ಕದಲಿಸಬಾರದು. ಮರಿಯೊಡನೆ ರೋಗವೂ ನೆಂಟಸ್ತನಕ್ಕೆ ಹೋಗುತ್ತದೆ.

ಎರಡು ಮೂರು ಹಂದಿಗಳನ್ನಷ್ಟೇ ಸಾಕುವ ಬಡವನಿಗೆ ಇದೇ ಸಮಯಕ್ಕೆ ಈದ ಇನ್ನೊಂದು ತಾಯಿ ಎಲ್ಲಿ ಸಿಕ್ಕೀತು? ಮುಂಚಿನ ಸೂಲಿನ ಮರಿಗಳನ್ನು ಎಲ್ಲ ಹಂದಿಗಳಿಂದಲೂ ಒಂದೇ ದಿನ ಬಿಡಿಸಿದರೆ, ಅವು ನಾಲ್ಕರಿಂದ ಏಳು ದಿನಗಳಲ್ಲಿ ಸಾಮಾನ್ಯವಾಗಿ ಒಟ್ಟಿಗೆ ಬೆದೆಗೆ ಬರುತ್ತವೆ. ಹೆಚ್ಚುಕಡಿಮೆ ಒಟ್ಟಿಗೇ ಈಯುತ್ತವೆ.

ಹಂದಿಯು ತನ್ನ ಮರಿಗಳನ್ನು ಮೂಸಿ ಗುರುತಿಸುತ್ತದೆ. ಆದಕಾರಣ ಹೊಸ ಮರಿಗಳನ್ನೂ ಹಳೆಯವನ್ನೂ ಒಂದೇ ಬುಟ್ಟಿಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಇರಿಸಿ, ವಾಸನೆ ಬೆರೆತ ಮೇಲೆ ಒಟ್ಟಿಗೆ ಬಿಡುತ್ತಾರೆ. ಸುಮಾರು ಗಂಟೆಗೊಮ್ಮೆ ತಾಯಿ ಗುರುಗುಟ್ಟಿ ಕರೆಯುತ್ತದೆ; ಹಾಲು ಇಳಿಯುವುದು ಇಪ್ಪತ್ತು ಸೆಕೆಂಡುಗಳಷ್ಟು ಮಾತ್ರ. ಆ ಇಪ್ಪತ್ತು ಸೆಕೆಂಡುಗಳಲ್ಲಿ ಪರರ ಮರಿಯ ಬಾಯಿಗೂ ಮೊಲೆ ಸಿಕ್ಕಿತೇ ಎಂದು ಸಾಕುವವನು ಬಾಗಿಲ ಬಳಿ ನಿಂತು ನೋಡುತ್ತಾನೆ.