ದುಡಿಮೆ ನಿಂತಾಗ ಮನೆ ಕುಸಿಯದಿರಲು

(ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಗ್ಯಾರೇಜು, ವೆಲ್ಡಿಂಗ್, ಹೊಲಿಗೆ, ಹಣ್ಣಿನ ಗಾಡಿ, ಆಟೋ ಎಲ್ಲವೂ ಒಮ್ಮೆಲೇ ನಿಂತವು. ನಮ್ಮವರಿಗೆ ಆ ಪೆಟ್ಟು ಜೋರಾಗಿ ತಗಲಿದ್ದಕ್ಕೆ ಕಾರಣವಿದೆ. 2006ರ ಸಾಚಾರ್ ವರದಿಯ ಪ್ರಕಾರ ದೇಶದ ಮುಸ್ಲಿಂ ದುಡಿಮೆಗಾರರಲ್ಲಿ ಸುಮಾರು ಶೇ. 61 ಮಂದಿ ಸ್ವಯಂ ಉದ್ಯೋಗಿಗಳು. ಹಿಂದೂಗಳಲ್ಲಿ ಈ ಪ್ರಮಾಣ ಶೇ. 55. ಸ್ವಂತ ದುಡಿಮೆ ಗೌರವದ್ದೇ. ಆದರೆ ಗಾಡಿ ತಳ್ಳುವವನಿಗೆ ಭವಿಷ್ಯನಿಧಿಯಿಲ್ಲ, ಇಎಸ್‌ಐ ಇಲ್ಲ, ಮಲಗಿದ ದಿನ ಕೂಲಿಯೂ ಇಲ್ಲ.

ಆದರೂ ಕೆಲಸ ನಿಂತದ್ದರಿಂದಲೇ ಮನೆಗಳು ಕುಸಿದವೆಂದು ನಾನು ಒಪ್ಪಲಾರೆ. ಹೊಲಿಗೆಯವರು ಮಾಸ್ಕ್ ಹೊಲಿದರು, ಆಟೋದವರು ತರಕಾರಿ ಮಾರಿದರು. ಕುಸಿದದ್ದು ಮೊದಲ ತಿಂಗಳಲ್ಲೇ ಹೊಲಿಗೆಯಂತ್ರವನ್ನು, ಆಟೋದ ಕಾಗದವನ್ನು ಅಡವಿಟ್ಟವರ ಮನೆ. ಕೆಲಸ ಮರಳಿ ಬಂದಾಗ ಮಾಡಲು ಅವರ ಬಳಿ ಸಾಧನವೇ ಇರಲಿಲ್ಲ. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1000 ತೀರಿಸುವ ಮೀಟರ್ ಬಡ್ಡಿಯ ವ್ಯಾಪಾರಿಗೆ ಲಾಕ್‌ಡೌನ್ ಬೇಕಿಲ್ಲ, ಒಂದು ದಿನದ ಮಳೆಯೇ ಸಾಕು. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳದ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಸಾಲದ ಅಗತ್ಯ ಸುಗ್ರೀವಾಜ್ಞೆಯಿಂದ ತಪ್ಪುವುದಿಲ್ಲ.

ಇಲ್ಲಿ ನಮ್ಮ ಹೊಣೆಯಿದೆ. ಝಕಾತ್ ಪಡೆಯಲು ಅರ್ಹವಾದ ಎಂಟು ವರ್ಗಗಳಲ್ಲಿ ಸಾಲಗ್ರಸ್ತರೂ ಸೇರಿದ್ದಾರೆ. ನಾವು ಮಾತ್ರ ರಮಝಾನ್‌ನಲ್ಲಿ ರೇಷನ್ ಕಿಟ್ ಹಂಚಿ ಫೋಟೋ ತೆಗೆಸಿಕೊಳ್ಳುತ್ತೇವೆ. (ಫೋಟೋ ಯಾರ ಪುಣ್ಯಕ್ಕೆಂದು ನನಗೆ ಇನ್ನೂ ತಿಳಿದಿಲ್ಲ.) ಕಿಟ್ ಹದಿನೈದು ದಿನಕ್ಕೆ ಖಾಲಿಯಾಗುತ್ತದೆ, ಬಿಡಿಸಿಕೊಟ್ಟ ಯಂತ್ರ ವರ್ಷಗಟ್ಟಲೆ ಅನ್ನ ಕೊಡುತ್ತದೆ. ಝಕಾತ್‌ನ ಒಂದು ಪಾಲು ಅಂತಹ ಸಾಲ ತೀರಿಸಲು ಹೋಗಲಿ. ಸದಕಾದ ಹಣದಿಂದ ಬಡ್ಡಿರಹಿತ ಸಾಲದ ನಿಧಿಯೊಂದನ್ನು ಬೇರೆಯಾಗಿ ಕಟ್ಟೋಣ. ಅದರ ಸಮಿತಿಯಲ್ಲಿ ಮಹಿಳೆಯರಿರಲೇಬೇಕು, ಏಕೆಂದರೆ ಯಾವ ಮನೆಯಲ್ಲಿ ಉದ್ರಿ ಎಷ್ಟಿದೆಯೆಂದು ಬಲ್ಲವರು ಅವರೇ. ಸಾಲ ಪಡೆದವರ ಹೆಸರು ಎಲ್ಲಿಯೂ ಘೋಷಣೆಯಾಗಬಾರದು.

ಇನ್ನೊಂದು ಮಾತು ಕಾಗದಪತ್ರದ್ದು. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲೇ ಕಾನೂನು ಬಂದಿದೆ. 2020ರ ಜೂನ್‌ನಲ್ಲಿ ಅವರಿಗಾಗಿ ಕೇಂದ್ರದ ಸಾಲ ಯೋಜನೆ ಬಂದಾಗ ಪಾಲಿಕೆಯ ಗುರುತಿನ ಚೀಟಿ, ಪ್ರಮಾಣಪತ್ರ ಇಲ್ಲದವರು ಶಿಫಾರಸು ಪತ್ರಕ್ಕಾಗಿ ಅಲೆಯಬೇಕಾಯಿತು. ಆ ಸಾಲವನ್ನು ಪಡೆಯುವುದು ಬಿಡುವುದು ಅವರವರ ಅಂತಃಸಾಕ್ಷಿಗೆ ಬಿಟ್ಟದ್ದು. ಆದರೆ ಗಾಡಿ ನಿಲ್ಲಿಸುವ ಹಕ್ಕಿಗೂ ಆ ಚೀಟಿಯೇ ಆಧಾರ.

ಸಭೆ ಮುಗಿದ ಬಳಿಕ ಅರ್ಜಿ ತುಂಬಿಕೊಡಲು ಇಬ್ಬರು ಯುವಕರು ಬಾಗಿಲ ಬಳಿ ಕುಳಿತಿರುತ್ತಾರೆ. ಆಧಾರ್ ಚೀಟಿ ತಂದವರು ಇಂದೇ ಹೆಸರು ಬರೆಸಿರಿ.