ಡಿಸ್ಕಿಗೆ ಹೋಗುವ ಆದೇಶ



ಎರಡು ಗಂಟೆ ಕಾಲ ಕಂಪ್ಯೂಟರಿನ ಮುಂದೆ ಕುಳಿತು ನಿಮ್ಮ ಪ್ರಾಜೆಕ್ಟ್ ವರದಿಯನ್ನು ಬೆರಳಚ್ಚು ಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಕೊನೆಗೆ 'ಸೇವ್' ಗುಂಡಿ ಒತ್ತಿದಿರಿ. ಉಳಿಸಲಾಗಿದೆ ಎಂಬ ಸೂಚನೆ ಪರದೆಯ ಮೇಲೆ ಬಂತು. ಎರಡೇ ಸೆಕೆಂಡಿನಲ್ಲಿ ಕರೆಂಟು ಹೋಯಿತು. ಮತ್ತೆ ಕರೆಂಟು ಬಂದಾಗ ನಿಮ್ಮ ವರದಿ ಅಲ್ಲಿ ಇರುತ್ತದೆಯೆ? ಇರಬಹುದು, ಇಲ್ಲದೆಯೂ ಹೋಗಬಹುದು. ಕಂಪ್ಯೂಟರಿನ ಒಳಗೆ ಡಿಸ್ಕಿಗೆ ಯಾವ ಆದೇಶ ಹೋಯಿತು, ಅದರಲ್ಲಿ ಏನೆಂದು ಬರೆದಿತ್ತು ಎಂಬುದರ ಮೇಲೆ ಇದರ ಉತ್ತರ ನಿಂತಿದೆ. ಈ ಆದೇಶದ ಸ್ವರೂಪವನ್ನು ಇಂದು ತಿಳಿಯೋಣ.

ಮೊದಲು ಒಂದು ಮಾತು. ಡಿಸ್ಕಿಗೆ ನಿಮ್ಮ ಕಡತದ ಹೆಸರು ಗೊತ್ತಿಲ್ಲ. ಪ್ರಾಜೆಕ್ಟ್ ವರದಿ ಯಾವುದು, ಮದುವೆಯ ಫೋಟೋ ಯಾವುದು ಎಂಬುದೂ ಅದಕ್ಕೆ ತಿಳಿಯದು. ಅದಕ್ಕೆ ತಿಳಿದಿರುವುದು ಸಂಖ್ಯೆ ಹಾಕಿದ ಕೋಣೆಗಳು ಮಾತ್ರ. ಈ ಕೋಣೆಗಳನ್ನು ಬ್ಲಾಕ್ ಎನ್ನುತ್ತೇವೆ. ಬಹುಕಾಲ ಒಂದು ಬ್ಲಾಕಿನ ಅಳತೆ 512 ಬೈಟ್ ಇತ್ತು. ಈಚಿನ ಅನೇಕ ಡಿಸ್ಕುಗಳಲ್ಲಿ ಅದು 4096 ಬೈಟ್. ಇಂತಿಷ್ಟನೆಯ ಬ್ಲಾಕಿನಿಂದ ಇಷ್ಟು ಬ್ಲಾಕುಗಳನ್ನು ಓದು, ಅಥವಾ ಬರೆ ಎಂದರೆ ಮಾತ್ರ ಡಿಸ್ಕಿಗೆ ಅರ್ಥವಾಗುತ್ತದೆ.

ಈ ಆದೇಶವನ್ನು ಬ್ಯಾಂಕಿನಲ್ಲಿ ಹಣ ಕಟ್ಟುವ ಚಲನ್‌ಗೆ ಹೋಲಿಸಬಹುದು. ಚಲನ್‌ನಲ್ಲಿ ಖಾತೆಯ ಸಂಖ್ಯೆಗೆ ಒಂದು ಜಾಗ, ಮೊತ್ತಕ್ಕೆ ಒಂದು ಜಾಗ, ಸಹಿಗೆ ಒಂದು ಜಾಗ ಇರುತ್ತದೆ. ಡಿಸ್ಕಿನ ಆದೇಶವೂ ಹಾಗೆಯೇ. 1986ರಲ್ಲಿ ಅಮೆರಿಕದಲ್ಲಿ ಮಾನಕವಾಗಿ ಪ್ರಕಟವಾದ 'ಸ್ಕಸಿ' ಪದ್ಧತಿಯ ಓದುವ ಆದೇಶವೊಂದನ್ನು ನೋಡಿ. ಅದರಲ್ಲಿ ಹತ್ತು ಬೈಟುಗಳಿವೆ. 1000ನೆಯ ಬ್ಲಾಕಿನಿಂದ 8 ಬ್ಲಾಕುಗಳನ್ನು ಓದು ಎನ್ನಲು ಕಳುಹಿಸಬೇಕಾದ ಹತ್ತು ಸಂಖ್ಯೆಗಳು ಇವು: 40, 0, 0, 0, 3, 232, 0, 0, 8, 0. ಮೊದಲಿನ 40 ಎಂದರೆ 'ಓದು'. ಎರಡನೆಯ ಬೈಟಿನಲ್ಲಿ ವಿಶೇಷ ಸೂಚನೆಗಳು ಇರುತ್ತವೆ. ಇಲ್ಲಿ ಯಾವುದೂ ಇಲ್ಲ. ಮುಂದಿನ ನಾಲ್ಕು ಬೈಟುಗಳು ಬ್ಲಾಕಿನ ಸಂಖ್ಯೆ. 3ನ್ನು 256ರಿಂದ ಗುಣಿಸಿ 232 ಕೂಡಿಸಿದರೆ 1000 ಬರುತ್ತದೆ. ಕೊನೆಯ ಬೈಟಿನ ಹಿಂದಿರುವ 8 ಎಂಬುದು ಬ್ಲಾಕುಗಳ ಎಣಿಕೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ಬ್ಲಾಕಿನ ಸಂಖ್ಯೆಗೆ ನಾಲ್ಕು ಬೈಟು, ಎಂದರೆ 32 ಬಿಟ್ ಮಾತ್ರ ಜಾಗವಿದೆ. ಅದರಲ್ಲಿ ಸುಮಾರು 429 ಕೋಟಿ ಬ್ಲಾಕುಗಳನ್ನು ಹೆಸರಿಸಬಹುದು. ಪ್ರತಿ ಬ್ಲಾಕ್ 512 ಬೈಟ್ ಆದರೆ ಒಟ್ಟು ಸುಮಾರು 2.2 ಲಕ್ಷ ಕೋಟಿ ಬೈಟ್. ಡಿಸ್ಕ್ ಅದಕ್ಕಿಂತ ದೊಡ್ಡದಾಗಿದ್ದರೆ ಆಚೆಯ ಜಾಗವನ್ನು ಈ ಚಲನ್‌ನಲ್ಲಿ ಬರೆಯಲಿಕ್ಕೇ ಆಗದು. ಇದಕ್ಕಿಂತ ಹಳೆಯ ಆರು ಬೈಟಿನ ಆದೇಶದಲ್ಲಿ ಬ್ಲಾಕಿನ ಸಂಖ್ಯೆಗೆ ಇದ್ದದ್ದು 21 ಬಿಟ್. ಅದರ ಮಿತಿ ಸುಮಾರು 107 ಕೋಟಿ ಬೈಟ್. ಆದ್ದರಿಂದಲೇ ಮುಂದೆ 64 ಬಿಟ್ ಸಂಖ್ಯೆ ಹಿಡಿಸುವ ಹದಿನಾರು ಬೈಟಿನ ಆದೇಶ ಬಂತು. ಫಾರಂನಲ್ಲಿ ಜಾಗವಿಲ್ಲದ್ದನ್ನು ಯಂತ್ರಕ್ಕೆ ಹೇಳಲಾಗದು. ಈ ಮಾತನ್ನು ನೆನಪಿಡಿ.

ಆದರೆ ಎಲ್ಲ ಬ್ಯಾಂಕುಗಳ ಚಲನ್ ಒಂದೇ ತರಹ ಇರುವುದಿಲ್ಲ, ಅಲ್ಲವೇ? ಸಾಧನಗಳದೂ ಅದೇ ಕಥೆ. ಸ್ಕಸಿಯಲ್ಲಿ ಓದಲು 40. ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕುಗಳಿಗಾಗಿ 2011ರಲ್ಲಿ ಪ್ರಕಟವಾದ 'ಎನ್‌ವಿಎಂಇ' ಪದ್ಧತಿಯಲ್ಲಿ ಓದಲು 2, ಮತ್ತು ಅಲ್ಲಿ ಆದೇಶವೊಂದರ ಉದ್ದ 64 ಬೈಟ್. ನಿಮ್ಮ ಕಡತಗಳ ಲೆಕ್ಕ ಇಡುವ ಫೈಲ್ ಸಿಸ್ಟಂ ಈ ಎಲ್ಲ ಭಾಷೆಗಳನ್ನೂ ಕಲಿಯಬೇಕೆ? ಬೇಡ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ತನ್ನದೇ ಆದ ಒಂದು ಸಾಮಾನ್ಯ ಫಾರಂ ಇಟ್ಟುಕೊಳ್ಳುತ್ತದೆ. ಫೈಲ್ ಸಿಸ್ಟಂ ಅದನ್ನು ತುಂಬಿದರೆ ಸಾಕು. ಕೊನೆಯ ಹಂತದಲ್ಲಿ ಆಯಾ ಸಾಧನದ ಡ್ರೈವರ್ ಎಂಬ ಕ್ರಮವಿಧಿ ಅದನ್ನು ಸಾಧನದ ಭಾಷೆಗೆ ತಿರುಗಿಸುತ್ತದೆ.

ಈ ಉಪಾಯ ಹಳೆಯದು. 1975ರ ಯೂನಿಕ್ಸ್ ಆರನೆಯ ಆವೃತ್ತಿಯಲ್ಲಿ 'ಬಫ್' ಎಂಬ ಫಾರಂ ಇತ್ತು. ಯಾವ ಸಾಧನ, ಯಾವ ಬ್ಲಾಕ್, ಮೆಮೊರಿಯಲ್ಲಿ ಯಾವ ಜಾಗ, ಎಷ್ಟು ಪದ ಎಂಬುವು ಅದರ ಅಂಕಣಗಳು. ಜೊತೆಗೆ 'ಓದು', 'ಮುಗಿಯಿತು', 'ದೋಷ' ಮುಂತಾದ ಗುರುತುಗಳಿಗೆ ಒಂದೊಂದು ಬಿಟ್. ಬರೆಯುವುದಕ್ಕೆ ಮಾತ್ರ ಬೇರೆ ಗುರುತು ಇರಲಿಲ್ಲ. 'ಓದು' ಎಂಬ ಗುರುತು ಇಲ್ಲದಿದ್ದರೆ ಅದು ಬರೆಯುವ ಆದೇಶ! ಇರುವುದು ಎರಡೇ ಕೆಲಸವಾದಾಗ ಅಷ್ಟು ಸಾಕಾಗಿತ್ತು.

ಇನ್ನು ಲಿನಕ್ಸ್ ಕರ್ನೆಲ್‌ಗೆ ಬರೋಣ. ಅದರಲ್ಲಿ ಈ ಫಾರಂನ ಹೆಸರು 'ಬಯೋ'. ಯೆನ್ಸ್ ಆಕ್ಸ್‌ಬೋ ಎಂಬ ಡೆನ್ಮಾರ್ಕಿನ ತಂತ್ರಜ್ಞರು 2001ರಲ್ಲಿ ಇದನ್ನು ತಂದರು. ಮೆಮೊರಿಯಲ್ಲಿ ನಿಮ್ಮ ವರದಿ ಒಂದೇ ಕಡೆ ಇರಬೇಕೆಂದಿಲ್ಲ. ಚೂರು ಚೂರಾಗಿ ಹರಡಿರಬಹುದು. ಬಯೋದಲ್ಲಿ ಆ ಚೂರುಗಳ ಪಟ್ಟಿಯನ್ನೇ ಇಡಬಹುದು. ಜೊತೆಗೆ ಸಾಧನ, ಆರಂಭದ ಜಾಗ, ಮಾಡಬೇಕಾದ ಕೆಲಸ, ಕೆಲಸ ಮುಗಿದಾಗ ಯಾರಿಗೆ ತಿಳಿಸಬೇಕು ಎಂಬುದೂ ಇರುತ್ತದೆ. ಆರಂಭದ ಜಾಗವನ್ನು ಇಲ್ಲಿ ಯಾವಾಗಲೂ 512 ಬೈಟಿನ ಲೆಕ್ಕದಲ್ಲೇ ಬರೆಯುತ್ತಾರೆ. ಡಿಸ್ಕಿನ ಬ್ಲಾಕ್ 4096 ಬೈಟ್ ಆಗಿದ್ದರೆ ಡ್ರೈವರ್ ಆ ಸಂಖ್ಯೆಯನ್ನು 8ರಿಂದ ಭಾಗಿಸಿಕೊಳ್ಳುತ್ತದೆ.

ಅಕ್ಕಪಕ್ಕದ ಬ್ಲಾಕುಗಳಿಗೆ ಸಂಬಂಧಿಸಿದ ಬಯೋಗಳನ್ನು ಕರ್ನೆಲ್ ಒಟ್ಟುಗೂಡಿಸಿ 'ರಿಕ್ವೆಸ್ಟ್' ಎಂಬ ದೊಡ್ಡ ಆದೇಶ ಮಾಡಬಲ್ಲದು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಬರಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಸಿಗಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಎಂಟು ಸಲ ಕಾಯುವ ಬದಲು ಒಂದೇ ಸಲ ಕಾದರೆ ಎಷ್ಟು ಉಳಿತಾಯ, ನೀವೇ ಲೆಕ್ಕ ಹಾಕಿ.

ಕಾಲ ಕಳೆದಂತೆ ಕೆಲಸಗಳ ಬಗೆ ಹೆಚ್ಚಿತು. ಈ ಬ್ಲಾಕುಗಳು ಇನ್ನು ನನಗೆ ಬೇಡ, ಮರೆತುಬಿಡು ಎನ್ನುವ 'ಡಿಸ್ಕಾರ್ಡ್' ಅಂಥದೊಂದು. ಹಿಂದೆ ಲಿನಕ್ಸ್‌ನಲ್ಲಿ ಇದನ್ನು 'ಬರೆ' ಎಂಬ ಬಿಟ್‌ನ ಜೊತೆಗೆ 'ಡಿಸ್ಕಾರ್ಡ್' ಬಿಟ್ ಸೇರಿಸಿ ಸೂಚಿಸುತ್ತಿದ್ದರು. ಬರೀ 'ಬರೆ' ಬಿಟ್ ನೋಡಿದವರಿಗೆ ಅಳಿಸುವ ಆದೇಶವೂ ಬರೆಯುವ ಆದೇಶದಂತೆಯೇ ಕಾಣುತ್ತಿತ್ತು. ಆದ್ದರಿಂದ 2016ರಲ್ಲಿ, 4.8ನೆಯ ಆವೃತ್ತಿಯಲ್ಲಿ, ಕೆಲಸವನ್ನೂ ವಿಶೇಷ ಸೂಚನೆಗಳನ್ನೂ ಬೇರೆ ಮಾಡಿದರು. ಈಗ ಪ್ರತಿ ಕೆಲಸಕ್ಕೂ ತನ್ನದೇ ಸಂಖ್ಯೆಯಿದೆ: ಓದು 0, ಬರೆ 1, ಫ್ಲಷ್ 2, ಡಿಸ್ಕಾರ್ಡ್ 3. ಸೂಚನೆಗಳಿಗೆ ಬೇರೆ ಬಿಟ್‌ಗಳಿವೆ. ಏನು ಮಾಡಬೇಕು ಎಂಬುದು ಒಂದು ಪ್ರಶ್ನೆ, ಹೇಗೆ ಮಾಡಬೇಕು ಎಂಬುದು ಇನ್ನೊಂದು. ಎರಡನ್ನೂ ಒಂದೇ ಅಂಕಣದಲ್ಲಿ ತುರುಕಬಾರದು ಎಂಬ ಪಾಠ ಪ್ರೋಗ್ರಾಂ ಬರೆಯುವ ನಿಮಗೂ ಉಪಯೋಗಕ್ಕೆ ಬರುತ್ತದೆ.

ಈಗ ಮೇಲೆ ಹೇಳಿದ 'ಫ್ಲಷ್' ಏನೆಂದು ನೋಡೋಣ. ನಿಮ್ಮ ವರದಿಯ ಅಳಿವು ಉಳಿವು ಇರುವುದು ಇಲ್ಲಿಯೇ.

ಬ್ಯಾಂಕಿನ ಗುಮಾಸ್ತರು ನಿಮ್ಮ ಹಣ ಎಣಿಸಿ, ಮೇಜಿನ ಡ್ರಾಯರಿನಲ್ಲಿಟ್ಟು, ಚಲನ್‌ಗೆ ಸೀಲು ಒತ್ತಿ ಕೊಡುತ್ತಾರೆ. ಹಣ ತಿಜೋರಿಗೆ ಹೋಗುವುದು ಆಮೇಲೆ. ಡಿಸ್ಕಿನ ಒಳಗೂ ಇಂಥ ಒಂದು ಡ್ರಾಯರ್ ಇದೆ. ಅದು ಕರೆಂಟು ಹೋದರೆ ಬರಿದಾಗುವ ಚಿಕ್ಕ ಮೆಮೊರಿ. ವೇಗಕ್ಕಾಗಿ ಡಿಸ್ಕ್ ಮಾಹಿತಿಯನ್ನು ಮೊದಲು ಅಲ್ಲಿಟ್ಟುಕೊಂಡು 'ಬರೆದಾಯಿತು' ಎಂದು ಉತ್ತರ ಕೊಟ್ಟುಬಿಡಬಹುದು. ಡ್ರಾಯರಿನಲ್ಲಿರುವುದನ್ನೆಲ್ಲ ತಿಜೋರಿಗೆ ಹಾಕಿ, ಆಮೇಲೆ ಉತ್ತರ ಕೊಡು ಎನ್ನುವ ಆದೇಶವೇ ಫ್ಲಷ್. ಈ ಒಂದು ಬರಹವನ್ನು ಮಾತ್ರ ನೇರವಾಗಿ ತಿಜೋರಿಗೆ ಹಾಕು ಎನ್ನಲು 'ಎಫ್‌ಯುಎ' ಎಂಬ ಸೂಚನೆ ಇದೆ. ನಾವು ಆಗಲೇ ನೋಡಿದ ಹತ್ತು ಬೈಟಿನಂಥದೇ ಬರೆಯುವ ಆದೇಶದಲ್ಲಿ ಮೊದಲ ಬೈಟು 42. ಅದರ ಎರಡನೆಯ ಬೈಟಿನಲ್ಲಿ 0 ಇರುವ ಕಡೆ 8 ಎಂದು ಬರೆದರೆ ಅದೇ ಎಫ್‌ಯುಎ.

ಹಿಂದೆ ಲಿನಕ್ಸ್‌ನಲ್ಲಿ ಇದಕ್ಕಾಗಿ 'ಬ್ಯಾರಿಯರ್' ಎಂಬ ವಿಶೇಷ ಆದೇಶ ಇತ್ತು. ಅದರ ಮುಂಚಿನವು ಮುಂಚೆ, ಹಿಂದಿನವು ಹಿಂದೆ ಎಂಬ ಕಟ್ಟುಪಾಡನ್ನು ಪಾಲಿಸಲು ಇಡೀ ಸಾಲನ್ನೇ ನಿಲ್ಲಿಸಬೇಕಾಗುತ್ತಿತ್ತು. 2011ರ ಜನವರಿಯಲ್ಲಿ ಬಂದ 2.6.37 ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು ಫ್ಲಷ್ ಮತ್ತು ಎಫ್‌ಯುಎಗಳನ್ನು ಇಟ್ಟುಕೊಂಡರು. ಯಾವುದು ಮೊದಲು ಮುಗಿಯಬೇಕೋ ಅದರ ಉತ್ತರಕ್ಕೆ ಕಾದು ಮುಂದಿನದನ್ನು ಕಳುಹಿಸುವುದು ಈಗ ಫೈಲ್ ಸಿಸ್ಟಮ್ಮಿನ ಹೊಣೆ.

ಉತ್ತರಗಳೂ ಕಳುಹಿಸಿದ ಕ್ರಮದಲ್ಲೇ ಬರಬೇಕೆಂದಿಲ್ಲ. ಆದ್ದರಿಂದ ಪ್ರತಿ ಆದೇಶಕ್ಕೂ ಟೋಕನ್ನಿನಂತೆ ಒಂದು ಸಂಖ್ಯೆ ಕೊಡುತ್ತಾರೆ. ಎನ್‌ವಿಎಂಇಯಲ್ಲಿ ಇದು 16 ಬಿಟ್‌ನ ಸಂಖ್ಯೆ. ಸಾಧನ ಅದೇ ಸಂಖ್ಯೆಯನ್ನು ಉತ್ತರದಲ್ಲಿ ಹಿಂದಿರುಗಿಸುತ್ತದೆ. ಯಾವ ಕೆಲಸ ಮುಗಿಯಿತು, ಯಾವುದರಲ್ಲಿ ದೋಷವಾಯಿತು ಎಂದು ಕರ್ನೆಲ್ ಅದರಿಂದ ತಿಳಿಯುತ್ತದೆ.

ಮಿತ್ರರೆ, ನಮ್ಮ ಮೊದಲ ಪ್ರಶ್ನೆಗೆ ಮರಳೋಣ. ನೀವು ಬಳಸಿದ ಪ್ರೋಗ್ರಾಂ ವರದಿಯನ್ನು ಕರ್ನೆಲ್‌ನ ಕೈಗೆ ಕೊಟ್ಟು ಸುಮ್ಮನಾಗಿದ್ದರೆ, ಅದು ಇನ್ನೂ ಡಿಸ್ಕಿನ ಬಾಗಿಲನ್ನೂ ತಲುಪಿಲ್ಲದಿರಬಹುದು. 'ಎಫ್‌ಸಿಂಕ್' ಎಂಬ ಕರೆಯ ಮೂಲಕ ಕರ್ನೆಲ್‌ನ್ನು ಒತ್ತಾಯಿಸಿ, ಬರೆಯುವ ಆದೇಶವೂ ಫ್ಲಷ್ ಆದೇಶವೂ ಹೋಗಿ, ಎರಡಕ್ಕೂ ಉತ್ತರ ಬಂದಮೇಲೆ 'ಉಳಿಸಲಾಗಿದೆ' ಎಂದಿದ್ದರೆ, ಮತ್ತು ಡಿಸ್ಕ್ ಕೊಟ್ಟ ಮಾತು ಉಳಿಸಿಕೊಂಡಿದ್ದರೆ, ನಿಮ್ಮ ವರದಿ ಸುರಕ್ಷಿತ. ಪೆನ್ ಡ್ರೈವನ್ನು ಕೀಳುವ ಮುನ್ನ ಸುರಕ್ಷಿತವಾಗಿ ತೆಗೆಯುವ ಸೂಚನೆ ಕೊಡಿ ಎಂದು ನಿಮ್ಮ ಗುರುಗಳು ಹೇಳುವುದು ಇದಕ್ಕಾಗಿಯೇ.

ಲಿನಕ್ಸ್‌ನ ಮೂಲ ಬರಹ ಎಲ್ಲರಿಗೂ ತೆರೆದಿದೆ. ಸಿ ಭಾಷೆ ಕಲಿಯುತ್ತಿರುವವರು ಬಯೋದ ಅಂಕಣಗಳನ್ನೂ ಕೆಲಸಗಳ ಸಂಖ್ಯೆಗಳನ್ನೂ ಅದರಲ್ಲಿ ಹುಡುಕಿ ಓದಿ. ಮುಂದೆ ನೀವೇ ಪ್ರೋಗ್ರಾಂ ಬರೆದು 'ಉಳಿಸಲಾಗಿದೆ' ಎಂದು ಪರದೆಯ ಮೇಲೆ ಮೂಡಿಸುವ ದಿನ ಬರುತ್ತದೆ. ಹಣ ಡ್ರಾಯರಿನಲ್ಲಿದೆಯೋ ತಿಜೋರಿಯಲ್ಲಿದೆಯೋ ಎಂದು ಅಂದು ಕೇಳಿಕೊಂಡು, ಆಮೇಲೆ ಆ ಮಾತು ಹೇಳಿ.